ಜಪಾನಿನ ಯೊಸಾಕೊಯ್ ಹಬ್ಬದಲ್ಲಿ ಕುಣಿಯಬೇಕಾ? ತಂಡ ಹುಡುಕುವುದರಿಂದ ಹಬ್ಬ ಮುಗಿಯುವವರೆಗೆ

ಜಪಾನಿನಲ್ಲಿ ಓದುತ್ತಿರುವ, ಕೆಲಸದಲ್ಲಿರುವ ನಮ್ಮವರಿಂದ ಪ್ರತಿ ವರ್ಷ ಜುಲೈ ಬಂತೆಂದರೆ ಇದೇ ಪ್ರಶ್ನೆ. "ಮರದ ಚಿಟಿಕೆ ಹಿಡ್ಕೊಂಡು ರಸ್ತೇಲಿ ಕುಣೀತಾರಲ್ಲ, ಅದರಲ್ಲಿ ನಾವೂ ಸೇರಬಹುದಾ? ಡ್ಯಾನ್ಸ್ ಕಲಿತಿಲ್ಲ, ಜಪಾನೀಸ್ ಅಷ್ಟಕ್ಕಷ್ಟೆ, ಆದ್ರೂ ಸೇರಿಸ್ಕೋತಾರಾ?" ಬೆಂಗಳೂರಿನ ಜಪಾನ್ ಹಬ್ಬಕ್ಕೆ ಹೋಗಿ ಬಂದವರೂ ಇದನ್ನೇ ಕೇಳುತ್ತಾರೆ.

ಸೇರಿಸಿಕೊಳ್ಳುತ್ತಾರೆ. ಆದರೆ ಜುಲೈನಲ್ಲಿ ಕೇಳಿದರೆ ತಡವಾಯ್ತು. ಯಾವಾಗ ಕೇಳಬೇಕು, ಯಾರನ್ನು ಕೇಳಬೇಕು, ಎಷ್ಟು ಖರ್ಚು, ಮೈ ಎಷ್ಟು ದಣಿಯುತ್ತದೆ, ಯಾವುದರಲ್ಲಿ ಹೊಸಬರು ಎಡವುತ್ತಾರೆ, ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕುಣಿತದಲ್ಲಿ ಹೆಜ್ಜೆ ಕಲಿಯುವುದು ಅಷ್ಟೇನೂ ಕಷ್ಟವಲ್ಲ. ಸಾಲು ಬಿಡದೆ, ನಿಲ್ಲದೆ, ಮುಂದಕ್ಕೆ ಸಾಗುತ್ತಲೇ ಕುಣಿಯುವುದು ಕಷ್ಟ. ಹೊಸಬರು ಹೆಜ್ಜೆಗೆ ಹೆದರುತ್ತಾರೆ, ಸಾಲಿನ ಬಗ್ಗೆ ಯೋಚನೆಯನ್ನೇ ಮಾಡುವುದಿಲ್ಲ. ಅದಕ್ಕೇ ಇಲ್ಲಿ ಸಾಲಿನ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ

ಯೊಸಾಕೊಯ್ ಹುಟ್ಟಿದ್ದು ಶಿಕೊಕು ದ್ವೀಪದ ಕೋಚಿ ನಗರದಲ್ಲಿ, 1954ರಲ್ಲಿ. ಯುದ್ಧದ ನಂತರ ಊರಿನ ವ್ಯಾಪಾರ ಕುಸಿದಿತ್ತು. ಪಕ್ಕದ ತೊಕುಶಿಮಾದಲ್ಲಿ ಅವಾ ಒದೊರಿ ಎಂಬ ಹಳೆಯ ಕುಣಿತದ ಹಬ್ಬಕ್ಕೆ ಜನ ಮುಗಿಬೀಳುತ್ತಿದ್ದರು. ನಮ್ಮೂರಿಗೂ ಅಂಥದ್ದೊಂದು ಬೇಕು ಎಂದು ಕೋಚಿಯ ವಾಣಿಜ್ಯ ಮಂಡಳಿಯವರು ಹೊರಟರು. ಸಂಗೀತಗಾರ ತಕೆಮಾಸಾ ಎಯ್ಸಾಕು ಹಾಡು ಕಟ್ಟಿಕೊಟ್ಟರು. ಗದ್ದೆಯಲ್ಲಿ ಗುಬ್ಬಚ್ಚಿ ಓಡಿಸಲು ಕಟ್ಟುತ್ತಿದ್ದ ನರುಕೊ ಎಂಬ ಮರದ ಸಾಧನವನ್ನು ಕುಣಿಯುವವರ ಕೈಗೆ ಕೊಟ್ಟವರೂ ಅವರೇ. ಮೊದಲ ವರ್ಷ 21 ತಂಡ, 750 ಜನ. ಈಗ ಸುಮಾರು 18,000 ಜನ ಕುಣಿಯುತ್ತಾರೆ.

ಕೋಚಿಯ ನಿಯಮಗಳು ಕೆಲವೇ. ಕೈಯಲ್ಲಿ ನರುಕೊ ಇರಬೇಕು. ಮುಂದಕ್ಕೆ ಸಾಗುತ್ತಾ ಕುಣಿಯಬೇಕು. ಸಂಗೀತ ಯಾವುದೇ ಇರಲಿ, ಅದರಲ್ಲಿ ಮೂಲ ಹಾಡಿನ ಒಂದು ಸಾಲಿನ ರಾಗವಾದರೂ ಬರಬೇಕು. ಒಂದು ತಂಡದಲ್ಲಿ 150 ಜನಕ್ಕಿಂತ ಜಾಸ್ತಿ ಇರಬಾರದು. ಉಳಿದದ್ದೆಲ್ಲ ತಂಡದ ಇಷ್ಟ. ಹಾಗಾಗಿಯೇ ಒಂದು ತಂಡ ರಾಕ್ ಸಂಗೀತಕ್ಕೆ ಕುಣಿದರೆ ಹಿಂದೆ ಬರುವ ತಂಡ ಸಾಂಬಾಕ್ಕೆ ಕುಣಿಯುತ್ತದೆ, ಅದರ ಹಿಂದಿನದು 1954ರ ಹಳೆಯ ಶೈಲಿಯನ್ನೇ ಹಿಡಿದುಕೊಂಡು ಬರುತ್ತದೆ. ಈ ಹಳೆಯ ಶೈಲಿಗೆ ಸೆಯ್ಚೋ ಎನ್ನುತ್ತಾರೆ.

ಹಂತ 1: ಯಾವ ಊರಿನ ಹಬ್ಬ ಎಂದು ತೀರ್ಮಾನಿಸಿ

ಯೊಸಾಕೊಯ್ ಈಗ ಕೋಚಿಗಷ್ಟೇ ಸೀಮಿತವಾಗಿಲ್ಲ. ಹೊಕ್ಕೈಡೊದ ಸಪ್ಪೊರೊದಲ್ಲಿ 1992ರಿಂದ ಯೊಸಾಕೊಯ್ ಸೋರಾನ್ ಹಬ್ಬ ನಡೆಯುತ್ತಿದೆ, ಅದು ಜೂನ್‌ನಲ್ಲಿ. ಅಲ್ಲಿ ಕೋಚಿಯ ಹಾಡಿನ ಬದಲು ಮೀನುಗಾರರ ಸೋರಾನ್ ಹಾಡಿನ ರಾಗ ಬರಬೇಕು. ನಗೋಯಾದಲ್ಲಿ 1999ರಿಂದ ದೊಮಾನ್ನಾಕಾ ಹಬ್ಬ, ಟೋಕಿಯೊದ ಹರಾಜುಕು ಬಳಿ 2001ರಿಂದ ಸೂಪರ್ ಯೊಸಾಕೊಯ್, ಎರಡೂ ಆಗಸ್ಟ್ ಕೊನೆಯ ಹೊತ್ತಿಗೆ.

ನೀವು ಟೋಕಿಯೊ, ನಗೋಯಾ ಕಡೆ ಇದ್ದರೆ ಹತ್ತಿರದ ಹಬ್ಬದಿಂದ ಶುರು ಮಾಡುವುದು ಜೇಬಿಗೂ ರಜೆಗೂ ಒಳ್ಳೆಯದು. ಆದರೆ ಒಂದು ಸಲವಾದರೂ ಕೋಚಿಗೆ ಹೋಗಿ. ಅಲ್ಲಿ ಇಡೀ ಊರೇ ಹಬ್ಬದಲ್ಲಿ ಇರುತ್ತದೆ. ಬ್ಯಾಂಕಿನ ತಂಡ, ಆಸ್ಪತ್ರೆಯ ತಂಡ, ಅಂಗಡಿ ಬೀದಿಯ ತಂಡ, ಶಿಶುವಿಹಾರದ ಮಕ್ಕಳ ತಂಡ, ಎಲ್ಲವೂ ಒಂದೇ ರಸ್ತೆಯಲ್ಲಿ ಒಂದರ ಹಿಂದೆ ಒಂದು. ಮುಂದೆ ಬರೆದಿರುವುದೆಲ್ಲ ಕೋಚಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಕೋಚಿಯಲ್ಲಿ ದಿನಾಂಕ ಬದಲಾಗುವುದಿಲ್ಲ, ವಾರ ಯಾವುದೇ ಇರಲಿ. ಆಗಸ್ಟ್ 9 ಮುನ್ನಾದಿನ, 10 ಮತ್ತು 11 ಮುಖ್ಯ ಹಬ್ಬ, 12ರಂದು ಬೇರೆ ಊರಿನ ತಂಡಗಳೂ ಸೇರುವ ರಾಷ್ಟ್ರ ಮಟ್ಟದ ಸ್ಪರ್ಧೆ ಮತ್ತು ಹಬ್ಬದ ಮಂಗಳ.

ಇಲ್ಲೊಂದು ಎಚ್ಚರಿಕೆ. ವಿಮಾನ ಹುಡುಕುವಾಗ ಸುಮ್ನೆ "ಕೋಚಿ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ನಮ್ಮ ಕೇರಳದ ಕೊಚ್ಚಿ ಬರುತ್ತದೆ, ಎರಡಕ್ಕೂ ಒಂದೇ ಸ್ಪೆಲ್ಲಿಂಗ್. ನಿಮಗೆ ಬೇಕಾದದ್ದು ಕೋಚಿ ರ್ಯೋಮಾ ವಿಮಾನ ನಿಲ್ದಾಣ, ಅದರ ಕೋಡ್ ಕೆ-ಸಿ-ಝಡ್. ಭಾರತದಿಂದ ನೇರವಾಗಿ ಬರುವವರು ಇದನ್ನು ಎರಡು ಸಲ ನೋಡಿಕೊಳ್ಳಿ.

ಹಂತ 2: ತಂಡ ಹುಡುಕುವುದು

ಇಲ್ಲಿ ಅವಸರ ಬೇಡ, ಆದರೆ ತಡವೂ ಬೇಡ. ಹೆಚ್ಚಿನ ತಂಡಗಳು ವಸಂತದಲ್ಲಿ, ಅಂದರೆ ಮಾರ್ಚ್‌ನಿಂದ ಮೇ ಒಳಗೆ ಕುಣಿಯುವವರನ್ನು ಕರೆಯುತ್ತವೆ. ಕುಣಿಯುವವರಿಗೆ ಒದೊರಿಕೊ ಎಂದು ಹೆಸರು. ತಂಡಗಳ ಇನ್‌ಸ್ಟಾಗ್ರಾಂ ಖಾತೆಯಲ್ಲಿ "ಒದೊರಿಕೊ ಬೊಶೂ" ಎಂದು ಬಂದರೆ ಅದೇ ಕರೆ, ಒದೊರಿಕೊ ಬೇಕಾಗಿದ್ದಾರೆ ಎಂದು. ಹೆಸರುವಾಸಿ ತಂಡಗಳಲ್ಲಿ ಜಾಗ ಬೇಗ ತುಂಬುತ್ತದೆ.

ತಂಡಗಳಲ್ಲಿ ಸಾಕಷ್ಟು ಬಗೆ ಇವೆ. ಹೊನಿಯಾ, ಜೂನಿನ್ ತೊಇರೊ ಥರದ, ವರ್ಷಾನುವರ್ಷ ಪ್ರಶಸ್ತಿಗೆ ಪೈಪೋಟಿ ಮಾಡುವ ತಂಡಗಳು ಒಂದು ಕಡೆ. ಆಯ್ಕೆ ಪರೀಕ್ಷೆ ಇಟ್ಟುಕೊಳ್ಳುವ ತಂಡಗಳೂ ಇವೆ, ಅಭ್ಯಾಸ ತಪ್ಪಿಸಿದರೆ ಹಿಂದಿನ ಸಾಲಿಗೆ ಕಳಿಸುವ ತಂಡಗಳೂ ಇವೆ. ಇನ್ನೊಂದು ಕಡೆ ಕಂಪನಿ, ವಿಶ್ವವಿದ್ಯಾಲಯ, ಬಡಾವಣೆ, ಅಂಗಡಿ ಬೀದಿಗಳ ಹವ್ಯಾಸಿ ತಂಡಗಳು. ಇವರಲ್ಲಿ ಅಜ್ಜಿಯೂ ಇರುತ್ತಾರೆ, ಆರು ವರ್ಷದ ಮೊಮ್ಮಗಳೂ ಇರುತ್ತಾಳೆ. ನನ್ನ ಕೇಳಿದರೆ ಮೊದಲ ವರ್ಷ ಇಂಥ ತಂಡವೇ ಸರಿ. ದೊಡ್ಡ ಹೆಸರಿನ ತಂಡದಲ್ಲಿ ಹೊಸಬರಿಗೆ ಕಾಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ, ತಪ್ಪು ಅವರದ್ದಲ್ಲ. ಹವ್ಯಾಸಿ ತಂಡದಲ್ಲಿ ಪಕ್ಕದವರು ಕೈ ಹಿಡಿದು ತೋರಿಸುತ್ತಾರೆ.

ತಂಡಕ್ಕೆ ಬರೆಯುವ ಮೊದಲ ಸಂದೇಶದಲ್ಲಿ ಇಷ್ಟು ಕೇಳಿ:

- ಅಭ್ಯಾಸ ಎಲ್ಲಿ, ವಾರಕ್ಕೆ ಎಷ್ಟು ದಿನ, ಕನಿಷ್ಠ ಎಷ್ಟು ಸಲ ಬರಲೇಬೇಕು?
- ಹೊರ ಊರಿನವರು ವಿಡಿಯೊ ನೋಡಿ ಕಲಿತು, ಕೊನೆಯ ಒಟ್ಟು ಅಭ್ಯಾಸಕ್ಕೆ ಮಾತ್ರ ಬಂದರೆ ಆಗುತ್ತದಾ?
- ಶುಲ್ಕ ಎಷ್ಟು, ಅದರಲ್ಲಿ ಏನೇನು ಸೇರಿದೆ?
- ಮುಖ್ಯ ಹಬ್ಬದ ಎರಡೂ ದಿನ ಇರಲೇಬೇಕಾ?
- ವಿಮೆ ಮಾಡಿಸುತ್ತೀರಾ?

ಜಪಾನೀಸ್ ಬರದಿದ್ದರೆ ಅನುವಾದ ಆ್ಯಪ್ ಹಾಕಿಯೇ ಬರೆಯಿರಿ, ಪರವಾಗಿಲ್ಲ. ಆದರೆ ಮುಚ್ಚಿಡಬೇಡಿ. "ಓದಲು ಬರುವುದಿಲ್ಲ, ಕೇಳಿದರೆ ಸ್ವಲ್ಪ ಅರ್ಥವಾಗುತ್ತದೆ, ಕುಣಿತ ಮೊದಲ ಸಲ" ಎಂದು ನೇರವಾಗಿ ಹೇಳಿದರೆ ಅವರೂ ನಿಮಗೆ ತಕ್ಕ ಜಾಗ ಯೋಚಿಸುತ್ತಾರೆ.

ಪ್ರವಾಸಕ್ಕೆಂದು ಒಂದೆರಡು ದಿನ ಬರುವವರಿಗೂ ದಾರಿ ಇದೆ. ಕೋಚಿಯಲ್ಲಿ ಅದೇ ದಿನ ಬಂದು ಸೇರಿಕೊಳ್ಳುವವರಿಗೆಂದೇ ತಂಡಗಳಿವೆ, ಶಿಮಿನ್ ಕೆನ್ಶೋ ಹೆಸರಿನ ಒದೊರಿಕೊ ತಂಡ ಅದರಲ್ಲಿ ಹೆಸರುವಾಸಿ. ಸೆಯ್ಚೋ ಶೈಲಿಯ ಹೆಜ್ಜೆ ಅಲ್ಲೇ ಹೇಳಿಕೊಟ್ಟು ರಸ್ತೆಗೆ ಕರೆದೊಯ್ಯುತ್ತಾರೆ. ಆ ವರ್ಷದ ಸಮಯ, ಶುಲ್ಕ, ಎಷ್ಟು ಜನಕ್ಕೆ ಜಾಗ ಎಂಬುದನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಹೀಗೆ ಸೇರುವವರು ಮುಂದಿನ ಹಂತಗಳಲ್ಲಿ ಬಟ್ಟೆ, ಬಿಸಿಲು, ಊಟದ ಭಾಗ ಮಾತ್ರ ಓದಿದರೂ ಸಾಕು.

ಹಂತ 3: ದುಡ್ಡು, ರಜೆ, ರೂಮು

ಶುಲ್ಕ ತಂಡದಿಂದ ತಂಡಕ್ಕೆ ಬೇರೆ. ಹತ್ತು ಸಾವಿರದಿಂದ ಮೂವತ್ತು ಸಾವಿರ ಯೆನ್ ಇಟ್ಟುಕೊಂಡು ಲೆಕ್ಕ ಹಾಕಿ. ಜಾಸ್ತಿ ಎನಿಸಬಹುದು. ಆದರೆ ಅದರಲ್ಲಿ ಬಟ್ಟೆ, ನರುಕೊ, ಹಬ್ಬದ ದಿನದ ಊಟ ನೀರು, ಸಂಗೀತದ ಲಾರಿಯ ಬಾಡಿಗೆ, ಎಲ್ಲ ಬರುತ್ತದೆ. ಬಟ್ಟೆ ನಿಮಗೇ ಉಳಿಯುತ್ತದಾ ಅಥವಾ ವಾಪಸ್ ಕೊಡಬೇಕಾ ಎಂದು ಕೇಳಿಕೊಳ್ಳಿ.

ರಜೆ ಈಗಲೇ ಕೇಳಿ. ಆಗಸ್ಟ್ 11 ಜಪಾನಿನಲ್ಲಿ ಸರ್ಕಾರಿ ರಜೆ, 10 ರಜೆಯಲ್ಲ. 13ರ ಹೊತ್ತಿಗೆ ಒಬೊನ್, ಅಂದರೆ ಹಿರಿಯರನ್ನು ನೆನೆಯುವ ಹಬ್ಬಕ್ಕೆ ಇಡೀ ದೇಶ ಊರಿಗೆ ಹೊರಟಿರುತ್ತದೆ. ವಾಪಸ್ ಟಿಕೆಟ್ ಆಮೇಲೆ ನೋಡೋಣ ಎಂದರೆ ಸಿಗುವುದಿಲ್ಲ. ಕೋಚಿಯಲ್ಲಿ ರೂಮು ವಸಂತದಲ್ಲೇ ಕಾದಿರಿಸಿ. ಸಿಗದಿದ್ದರೆ ಪಕ್ಕದ ನಂಕೊಕು ಕಡೆ ನೋಡಬಹುದು, ಆದರೆ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂದು ಮೊದಲು ತಿಳಿದುಕೊಳ್ಳಿ. ಕುಣಿತ ಮುಗಿಯುವುದೇ ರಾತ್ರಿಯಾಗುತ್ತದೆ.

ವೀಸಾ ಬಗ್ಗೆ ತುಂಬ ಜನ ಕೇಳುತ್ತಾರೆ. ನೀವೇ ದುಡ್ಡು ಕೊಟ್ಟು ಹವ್ಯಾಸಕ್ಕೆ ಕುಣಿಯುತ್ತಿದ್ದೀರಿ, ಇದು ಕೆಲಸವಲ್ಲ. ಯಾರಾದರೂ ಸಂಭಾವನೆ ಕೊಟ್ಟು ಕುಣಿಸುತ್ತೇವೆ ಎಂದರೆ ಆಗ ವಿಷಯ ಬೇರೆ, ಅನುಮತಿ ಬೇಕಾಗಬಹುದು. ವಿದ್ಯಾರ್ಥಿಗಳು ಇದರಲ್ಲಿ ಹುಷಾರಾಗಿರಿ.

ಹಂತ 4: ನರುಕೊ ಕೈಗೆ ಒಗ್ಗಿಸಿಕೊಳ್ಳಿ

ನರುಕೊ ನೋಡಲು ಅನ್ನ ಬಡಿಸುವ ಚಿಕ್ಕ ಸೌಟಿನಂತಿದೆ. ಹಳೆಯ ಮಾದರಿಗೆ ಕುಂಕುಮ ಕೆಂಪು ಬಣ್ಣ, ಅದರ ಮೇಲೆ ಕಪ್ಪು, ಹಳದಿಯ ಚಿಕ್ಕ ಮರದ ತುಂಡುಗಳು ಸಡಿಲವಾಗಿ ಕೂತಿರುತ್ತವೆ. ಆಡಿಸಿದರೆ ಅವು ಹಲಗೆಗೆ ಬಡಿದು ಕಚ್ ಎನ್ನುತ್ತವೆ. ಎರಡು ಕೈಗೆ ಎರಡು.

ಹೊಸಬರೆಲ್ಲ ಮಾಡುವುದು ಒಂದೇ ತಪ್ಪು. ಮುಷ್ಟಿ ಬಿಗಿ ಹಿಡಿದು ಇಡೀ ತೋಳನ್ನು ಬೀಸುತ್ತಾರೆ. ಹಾಗೆ ಮಾಡಿದರೆ ಒಂದು ಕಚ್ ಬದಲು ಕಚಕಚ ಎಂದು ಎರಡು ಮೂರು ಸದ್ದು ಬರುತ್ತದೆ, ಅರ್ಧ ಗಂಟೆಯಲ್ಲಿ ಮುಂಗೈಯೂ ಸೋಲುತ್ತದೆ. ಹಿಡಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಉಳಿದ ಬೆರಳನ್ನು ಹಗುರವಾಗಿ ಮಡಚಿ. ಮಣಿಕಟ್ಟನ್ನು ಮಾತ್ರ ಚಕ್ಕನೆ ಆಡಿಸಿ, ಆಡಿಸಿದ ತಕ್ಷಣ ತಡೆಯಿರಿ. ಸದ್ದು ಬರುವುದು ಆಡಿಸಿದಾಗ ಅಲ್ಲ, ತಡೆದಾಗ. ಇದು ಒಂದು ಸಲ ಕೈಗೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ.

ಸದ್ದು ಮಾಡುವಷ್ಟೇ ಸದ್ದು ಮಾಡದಿರುವುದೂ ಮುಖ್ಯ. ಹಾಡಿನಲ್ಲಿ ಮೌನದ ಜಾಗಗಳು ಇರುತ್ತವೆ. ನೂರು ಜನ ಸುಮ್ಮನಿರುವಾಗ ನಿಮ್ಮ ನರುಕೊ ಒಂದೇ ಕಟಕಟ ಎಂದರೆ ಎಲ್ಲರಿಗೂ ಕೇಳಿಸುತ್ತದೆ. ಅಂಥ ಜಾಗದಲ್ಲಿ ಬೆರಳಿನಿಂದ ಮರದ ತುಂಡನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಕೋಲಾಟ ಆಡಿದವರಿಗೆ ತಾಳ ಬೇಗ ಹತ್ತುತ್ತದೆ, ಆದರೆ ಕೋಲಾಟದಲ್ಲಿ ಎದುರಿನವರ ಕೋಲು ನಮ್ಮ ತಾಳವನ್ನು ತಿದ್ದುತ್ತದೆ, ಇಲ್ಲಿ ಆ ಆಸರೆ ಇಲ್ಲ. ತಾಳ ನಿಮ್ಮೊಳಗೇ ಇರಬೇಕು.

ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಅಭ್ಯಾಸ ಮಾಡುವವರು ಮರದ ತುಂಡುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ. ಜಪಾನಿನ ಗೋಡೆಗಳು ತೆಳು, ದೂರು ಬರುತ್ತದೆ.

ಹಂತ 5: ಹೆಜ್ಜೆ ಕಲಿಯುವುದು

ತಂಡದವರು ಲೈನ್ ಎಂಬ, ನಮ್ಮ ವಾಟ್ಸ್ಆ್ಯಪ್ ಥರದ ಆ್ಯಪ್‌ನ ಗುಂಪಿನಲ್ಲಿ ವಿಡಿಯೊ ಕಳಿಸುತ್ತಾರೆ. ಸಾಮಾನ್ಯವಾಗಿ ಎರಡು ಬಗೆ. ಒಂದು ಎದುರಿನಿಂದ ತೆಗೆದದ್ದು, ಇನ್ನೊಂದು ಹಾನ್ತೆನ್, ಅಂದರೆ ಕನ್ನಡಿಯಂತೆ ಎಡಬಲ ತಿರುಗಿಸಿದ್ದು. ಮನೆಯಲ್ಲಿ ಕಲಿಯಲು ಹಾನ್ತೆನ್ ವಿಡಿಯೊ ಬಳಸಿ. ಇದು ಗೊತ್ತಿಲ್ಲದೆ ಇಡೀ ಕುಣಿತವನ್ನು ಎಡಬಲ ಅದಲುಬದಲು ಕಲಿತು ಬರುವವರು ಪ್ರತಿ ವರ್ಷ ಇರುತ್ತಾರೆ. ಒಮ್ಮೆ ಮೈಗೆ ಹತ್ತಿದ್ದನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಹಾಡು ನಾಲ್ಕೈದು ನಿಮಿಷದ್ದು. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ನರುಕೊ. ಮೂರನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಕಾಲು ಯೋಚನೆಯಿಲ್ಲದೆ ನಡೆಯುವವರೆಗೆ ಕೈಯನ್ನು ಸೊಂಟದ ಮೇಲಿಟ್ಟುಕೊಂಡೇ ಅಭ್ಯಾಸ ಮಾಡಿ.

ನೀವು ಎಷ್ಟು ಜಪಾನೀಸ್ ಕಲಿಯಬೇಕು? ಅಭ್ಯಾಸದ ಮೈದಾನದಲ್ಲಿ ಪದೇ ಪದೇ ಕೇಳಿಬರುವ ಪದಗಳು ಕೈಬೆರಳೆಣಿಕೆಯಷ್ಟು. ಮಾಎ ಎಂದರೆ ಮುಂದೆ, ಉಶಿರೊ ಹಿಂದೆ, ಮಿಗಿ ಬಲ, ಹಿದಾರಿ ಎಡ. ಸುಸುಂದೆ ಎಂದರೆ ಮುಂದೆ ಸಾಗಿ, ತೊಮಾತ್ತೆ ಎಂದರೆ ನಿಲ್ಲಿ. ತ್ಸುಮೆತೆ ಎಂದರೆ ಸಾಲು ಹತ್ತಿರ ಮಾಡಿ, ಅಕೆತೆ ಎಂದರೆ ಜಾಗ ಬಿಡಿ. "ಕೊಶಿ!" ಎಂದು ಕೂಗಿದರೆ ಸೊಂಟ ಇನ್ನೂ ಕೆಳಗಿಳಿಸಿ ಎಂದು ಅರ್ಥ, ಇದನ್ನು ನೀವು ದಿನಾ ಕೇಳುತ್ತೀರಿ. ಶುರು ಮಾಡುವಾಗ "ಗೊ, ರೊಕು, ಶಿಚಿ, ಹಾಚಿ" ಎಂದು ಐದರಿಂದ ಎಂಟರವರೆಗೆ ಎಣಿಸುತ್ತಾರೆ, ಅದು ಮುಗಿದ ಕೂಡಲೇ ಮೊದಲ ಹೆಜ್ಜೆ.

ಮಂಡಿ ಬಗ್ಗಿಸಿ ಕೆಳಗೆ ಕೂತಂತೆ ನಿಲ್ಲುವ ಭಂಗಿ ಯೊಸಾಕೊಯ್‌ನಲ್ಲಿ ಪದೇ ಪದೇ ಬರುತ್ತದೆ. ಭರತನಾಟ್ಯ ಕಲಿತವರಿಗೆ ಅರಮಂಡಿ ಅಭ್ಯಾಸ ಇರುತ್ತದೆ, ಆದರೂ ಅದೇ ಭಂಗಿಯಲ್ಲಿ ಡಾಂಬರಿನ ಮೇಲೆ ಮುಂದೆ ಸಾಗುವುದು ಬೇರೆ. ಮಂಡಿ ನೋವಿದ್ದರೆ ಜೂನ್‌ನಲ್ಲೇ ಹೇಳಿ. ಎಷ್ಟು ಬಗ್ಗಬೇಕು ಎಂಬುದನ್ನು ಸಾಲಿನವರ ಜೊತೆ ಹೊಂದಿಸಿಕೊಳ್ಳಬಹುದು.

ಹಂತ 6: ಸಾಲು ಹಿಡಿಯುವುದು

ಮನೆಯಲ್ಲಿ ವಿಡಿಯೊ ನೋಡಿ ಕಲಿತವರೆಲ್ಲ ಒಂದೇ ಜಾಗದಲ್ಲಿ ನಿಂತು ಕುಣಿಯುತ್ತಾರೆ. ರಸ್ತೆಗೆ ಬಂದಾಗ ಪ್ರತಿ ಎಂಟೆಣಿಕೆಗೆ ಇಷ್ಟು ದೂರ ಮುಂದೆ ಹೋಗಬೇಕು ಎಂಬ ಲೆಕ್ಕ ಇರುತ್ತದೆ, ಆಗ ಕಲಿತದ್ದೆಲ್ಲ ಕಲಸಿಹೋಗುತ್ತದೆ. ಮುಂದೆ ಲಾರಿ ಹೋಗುತ್ತಿರುತ್ತದೆ, ಅದಕ್ಕೆ ಜಿಕಾತಶಾ ಎನ್ನುತ್ತಾರೆ. ಸ್ಪೀಕರ್, ಹಾಡುಗಾರರು, ವಾದ್ಯದವರು ಎಲ್ಲ ಅದರ ಮೇಲೆ. ಲಾರಿ ನಿಮಗಾಗಿ ಕಾಯುವುದಿಲ್ಲ, ಹಿಂದಿನ ತಂಡವೂ ಕಾಯುವುದಿಲ್ಲ. ನಡುವೆ ಅಂತರ ಬಿಟ್ಟರೆ ತಂಡಕ್ಕೆ ತಂಡವೇ ಹರಿದುಹೋದಂತೆ ಕಾಣುತ್ತದೆ.

ಸಾಲು ಹಿಡಿಯಲು ಎರಡು ಗುರುತು ಇಟ್ಟುಕೊಳ್ಳಿ. ನಿಮ್ಮ ನೇರ ಮುಂದೆ ಇರುವವರ ಬೆನ್ನು ಒಂದು. ಪಕ್ಕದವರ ಭುಜ ಇನ್ನೊಂದು. ಬೆನ್ನಿನಿಂದ ಮುಂದಿನ ಅಂತರ ಗೊತ್ತಾಗುತ್ತದೆ, ಭುಜದಿಂದ ಅಡ್ಡಸಾಲು. ಪಕ್ಕಕ್ಕೆ ತಲೆ ತಿರುಗಿಸಬಾರದು, ಕಣ್ಣಂಚಿನಲ್ಲೇ ನೋಡಬೇಕು. ಇದಕ್ಕೆ ಅಭ್ಯಾಸ ಬೇಕು. ಮನೆಯ ಹತ್ತಿರ ಖಾಲಿ ಪಾರ್ಕು, ನದಿ ದಂಡೆ ಇದ್ದರೆ ಹಾಡು ಕಿವಿಗೆ ಹಾಕಿಕೊಂಡು ಒಂದು ಕೊನೆಯಿಂದ ಇನ್ನೊಂದು ಕೊನೆವರೆಗೆ ಕುಣಿಯುತ್ತಾ ಹೋಗಿ. ಹಾಡು ಮುಗಿದರೂ ನಿಲ್ಲಬೇಡಿ, ಮತ್ತೆ ಮೊದಲಿಂದ. ಮೂರು ಸಲ ಬಿಡದೆ ಆದರೆ ರಸ್ತೆಗೆ ತಯಾರು ಎನ್ನಬಹುದು.

ತಪ್ಪಿದಾಗ ಏನು ಮಾಡಬೇಕು? ನಿಂತು ಯೋಚಿಸುವುದೊಂದನ್ನು ಬಿಟ್ಟು ಏನು ಬೇಕಾದರೂ ಮಾಡಿ. ಕೈ ಮರೆತರೆ ಕಾಲು ನಡೆಸಿ. ಕಾಲು ಮರೆತರೆ ಸುಮ್ನೆ ನಡೆಯಿರಿ, ಆದರೆ ಸಾಲಿನ ವೇಗದಲ್ಲೇ. ಎಂಟೆಣಿಕೆ ಮುಗಿದಾಗ ಮತ್ತೆ ಸೇರಿಕೊಳ್ಳಿ. ತಪ್ಪಾದ ಕೈಯನ್ನು ನೋಡುವವರು ಗಮನಿಸುವುದೂ ಇಲ್ಲ. ನಿಂತುಬಿಟ್ಟರೆ ಹಿಂದಿನವರು ನಿಮ್ಮ ಮೇಲೆ ಬರುತ್ತಾರೆ, ಅವರ ಹಿಂದಿನವರು ಅವರ ಮೇಲೆ.

ಇನ್ನೊಂದು ವಿಷಯ. ರಸ್ತೆಯ ಕುಣಿತ ಬೇರೆ, ವೇದಿಕೆಯ ಕುಣಿತ ಬೇರೆ. ನಗರದ ಮಧ್ಯದ ಪಾರ್ಕಿನಲ್ಲಿ ವೇದಿಕೆ ಇರುತ್ತದೆ, ಅಲ್ಲಿ ಮುಂದೆ ಸಾಗಲು ಜಾಗವಿಲ್ಲ, ಸಾಲುಗಳನ್ನು ಬೇರೆ ಥರ ಜೋಡಿಸುತ್ತಾರೆ. ಒಬಿಯಾಮಾಚಿಯ ಅಂಗಡಿ ಬೀದಿಗೆ ಮೇಲ್ಛಾವಣಿ ಇದೆ, ಸದ್ದು ಗುಂಯ್ ಎಂದು ತಿರುಗಿ ಬರುತ್ತದೆ, ನೋಡುವವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಓತೆಸುಜಿ ಮುಖ್ಯ ಸ್ಪರ್ಧೆಯ ಅಗಲ ರಸ್ತೆ, ತೀರ್ಪುಗಾರರು ಕೂರುವುದು ಅಲ್ಲಿ. ಯಾವ ಜಾಗಕ್ಕೆ ಯಾವ ಜೋಡಣೆ, ನಿಮ್ಮ ಜಾಗ ಎಷ್ಟನೇ ಸಾಲು ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ.

ಹಂತ 7: ಬಟ್ಟೆ, ಕಾಲು, ಒಡವೆ

ಮೇಲಂಗಿಗೆ ಹಪ್ಪಿ ಎನ್ನುತ್ತಾರೆ, ಈಗಿನ ತಂಡಗಳು ಉದ್ದ ನಿಲುವಂಗಿಯನ್ನೂ ಹಾಕುತ್ತವೆ. ಮುಂಭಾಗ ಮುಚ್ಚುವ ಬಟ್ಟೆಯಾದರೆ ನಿಮ್ಮ ಎಡಬದಿಯ ಅಂಚು ಮೇಲೆ ಬರಬೇಕು. ಬಲ ಅಂಚು ಮೇಲೆ ಬರುವಂತೆ ಉಡಿಸುವುದು ಜಪಾನಿನಲ್ಲಿ ತೀರಿಕೊಂಡವರಿಗೆ. ಇದನ್ನು ಮಾತ್ರ ಮರೆಯಬೇಡಿ.

ಕಾಲಿಗೆ ಹೆಬ್ಬೆರಳು ಬೇರೆಯಾಗಿರುವ ತಾಬಿ. ರಬ್ಬರ್ ತಳ ಇರುವುದಕ್ಕೆ ಜಿಕಾತಾಬಿ. ಹೊಸ ತಾಬಿಯನ್ನು ಹಬ್ಬದ ದಿನವೇ ಮೊದಲ ಸಲ ಹಾಕಿದವರಿಗೆ ಮಧ್ಯಾಹ್ನದೊಳಗೆ ಗುಳ್ಳೆ ಏಳುತ್ತದೆ. ಎರಡು ಮೂರು ವಾರ ಮೊದಲೇ ಹಾಕಿ ಅಭ್ಯಾಸ ಮಾಡಿ. ತಳ ತೆಳುವಾದರೆ ಒಳಗೆ ಮೆತ್ತನೆ ಪಟ್ಟಿ ಹಾಕಿಕೊಳ್ಳಿ. ಹೆಬ್ಬೆರಳಿನ ಸಂದು, ಹಿಮ್ಮಡಿಗೆ ಮೊದಲೇ ಟೇಪ್ ಸುತ್ತಿ, ಗುಳ್ಳೆ ಬಂದ ಮೇಲಲ್ಲ.

ಬಳೆ, ಕಾಲ್ಗೆಜ್ಜೆ, ಉದ್ದ ಓಲೆ ಬಿಚ್ಚಿಡಬೇಕು. ಕರಿಮಣಿ ಬಿಚ್ಚಲು ಮನಸ್ಸಿಲ್ಲದವರು ಒಳಗೆ ಹಾಕಿಕೊಂಡು ಟೇಪ್‌ನಿಂದ ಮೈಗೆ ಅಂಟಿಸಿಕೊಳ್ಳಬಹುದು, ತಂಡದವರಿಗೆ ಮೊದಲೇ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಕೂದಲು, ಮೇಕಪ್ ಹೇಗಿರಬೇಕು ಎಂದು ತಂಡವೇ ಚಿತ್ರ ಕಳಿಸುತ್ತದೆ.

ದೊಡ್ಡ ಎಚ್ಚರಿಕೆ ಒಂದಿದೆ. ಹಬ್ಬಕ್ಕೆ ಮೊದಲು ಬಟ್ಟೆಯ ಫೋಟೊ, ಹಾಡು, ಅಭ್ಯಾಸದ ವಿಡಿಯೊ ಎಲ್ಲೂ ಹಾಕಬೇಡಿ. ತುಂಬ ತಂಡಗಳು ಅದನ್ನು ಹಬ್ಬದ ದಿನದವರೆಗೆ ಗುಟ್ಟಾಗಿ ಇಡುತ್ತವೆ. ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ್ದು ಸ್ಟೇಟಸ್ ಆಗಿ ಹೊರಗೆ ಬರಲು ಹೊತ್ತು ಬೇಕಾಗಿಲ್ಲ ಅಲ್ವಾ? ಹಬ್ಬದ ನಂತರವೂ ಬೇರೆಯವರ ಮಕ್ಕಳ ಮುಖ ಕಾಣುವ ಚಿತ್ರ ಹಾಕುವ ಮೊದಲು ಕೇಳಿ.

ಹಂತ 8: ಬಿಸಿಲು ಮತ್ತು ಊಟ

ಆಗಸ್ಟ್‌ನ ಕೋಚಿ ಅಂದರೆ ಮಂಗಳೂರಿನ ಮೇ ತಿಂಗಳ ಸೆಕೆ, ಅದರ ಮೇಲೆ ದಪ್ಪ ಬಟ್ಟೆ, ಕೆಳಗೆ ಕಾದ ಡಾಂಬರು. ಬಿಸಿಲಿನ ಆಘಾತಕ್ಕೆ ಜಪಾನೀಸಿನಲ್ಲಿ ನೆಚ್ಚೂಶೋ ಎನ್ನುತ್ತಾರೆ. ಈ ಪದ ಬಾಯಿಪಾಠ ಮಾಡಿಕೊಳ್ಳಿ. "ನಾವು ಬಿಸಿಲಿನ ದೇಶದವರು, ನಮಗೇನೂ ಆಗಲ್ಲ" ಎಂಬ ಮಾತು ಬೇಡವೇ ಬೇಡ. ಏಸಿ ರೂಮಿನಲ್ಲಿ ಕೂತು ಕೆಲಸ ಮಾಡುವ ಮೈಗೆ ಯಾವ ದೇಶದ್ದಾದರೂ ಒಂದೇ.

ಬಾಯಾರಿಕೆಗೆ ಕಾಯದೆ ಪ್ರತಿ ಜಾಗದಲ್ಲೂ ಕುಡಿಯಿರಿ. ಬರೀ ನೀರು ಸಾಲದು, ಉಪ್ಪು ಬೇಕು. ಉಪ್ಪಿನ ಮಿಠಾಯಿ, ಓಆರ್‌ಎಸ್ ಥರದ ಪಾನೀಯ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ತಲೆನೋವು, ವಾಕರಿಕೆ, ಬೆವರು ನಿಂತುಹೋಗುವುದು, ಮಾತು ತೊದಲುವುದು ಕಂಡರೆ ಆ ಕ್ಷಣವೇ ಸಾಲಿನಿಂದ ಹೊರಗೆ ಬನ್ನಿ. ಪಕ್ಕದಲ್ಲಿ ತಂಡದ ಸಹಾಯಕರು ನೀರಿನ ಡಬ್ಬ ಹಿಡಿದು ನಡೆಯುತ್ತಿರುತ್ತಾರೆ, ಕೈ ಎತ್ತಿದರೆ ಸಾಕು. ಆಂಬುಲೆನ್ಸ್‌ಗೆ 119. ತಂಡದವರ ಮುಂದೆ ಮಾನ ಹೋಗುತ್ತದೆ ಎಂದು ಎಳೆದುಕೊಂಡು ಹೋಗಬೇಡಿ. ನೀವು ಕುಸಿದರೆ ಇಡೀ ತಂಡ ನಿಲ್ಲುತ್ತದೆ.

ಸಸ್ಯಾಹಾರಿಗಳಿಗೆ ಇನ್ನೊಂದು ತಲೆಬಿಸಿ. ತಂಡ ಕೊಡುವ ಊಟದ ಡಬ್ಬಿಯಲ್ಲಿ ಮೀನು, ಮಾಂಸ ಇದ್ದೇ ಇರುತ್ತದೆ. ಬೇರೆ ತೆಗೆದಿಟ್ಟರೂ ಪಲ್ಯಕ್ಕೆ ಹಾಕುವ ದಾಶಿ ಎಂಬ ಸಾರು ಮೀನಿನದೇ ಆಗಿರುತ್ತದೆ. ಅಂಗಡಿಯ ಒನಿಗಿರಿ, ಅಂದರೆ ಅನ್ನದ ಉಂಡೆ ತಗೊಳ್ಳುವಾಗ ಉಮೆಬೋಶಿ ಎಂಬ ಉಪ್ಪು ಹಾಕಿದ ಹಣ್ಣಿನದನ್ನು ನೋಡಿ. ಕೊಂಬು ಎಂಬ ಕಡಲ ಸೊಪ್ಪಿನದರಲ್ಲೂ ಮೀನಿನ ಸಾರ ಬೆರೆತಿರಬಹುದು, ಪೊಟ್ಟಣದ ಹಿಂದೆ ಓದಿ. ಬಾಳೆಹಣ್ಣು, ಕಡಲೆಕಾಯಿ, ಖರ್ಜೂರ ಚೀಲದಲ್ಲಿರಲಿ. ಅವಲಕ್ಕಿ, ಚಟ್ನಿಪುಡಿ ಇದ್ದರೆ ಬೆಳಿಗ್ಗೆ ರೂಮಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಹೊರಡಿ. ಹಬ್ಬದ ದಿನ ಮಧ್ಯಾಹ್ನ ಅಂಗಡಿಗಳಲ್ಲಿ ಒನಿಗಿರಿಯೂ ಖಾಲಿಯಾಗಿರುತ್ತದೆ.

ಹಂತ 9: ಹಬ್ಬದ ದಿನ

ಕುಣಿಯುವ ಜಾಗಗಳು ಊರಿನಲ್ಲಿ ಹದಿನೈದಕ್ಕೂ ಹೆಚ್ಚು. ಒಂದು ತಂಡ ದಿನಕ್ಕೆ ಏಳೆಂಟು ಜಾಗಕ್ಕೆ ಹೋಗಬಹುದು, ನಡುವೆ ಬಸ್ಸು ಅಥವಾ ನಡಿಗೆ. ಕುಣಿಯುವುದಕ್ಕಿಂತ ಕಾಯುವುದೇ ಜಾಸ್ತಿ. ಒಂದೊಂದು ಸಲ ಬಿಸಿಲಲ್ಲಿ ಒಂದು ಗಂಟೆ ಸಾಲು ನಿಲ್ಲಬೇಕಾಗುತ್ತದೆ. ಕಾಯುವಾಗ ನೆರಳು ಹುಡುಕಿ ಕೂತುಬಿಡಿ, ಫೋಟೊ ತೆಗೆಯುತ್ತಾ ಓಡಾಡಿ ಶಕ್ತಿ ಕಳೆದುಕೊಳ್ಳಬೇಡಿ. ಶೌಚಾಲಯ ಕಂಡಲ್ಲಿ ಹೋಗಿ ಬನ್ನಿ, ಮುಂದಿನದು ಎಲ್ಲಿದೆಯೋ ಗೊತ್ತಿರುವುದಿಲ್ಲ. ಹೋಗುವ ಮೊದಲು ಪಕ್ಕದವರಿಗೆ ಹೇಳಿ ಹೋಗಿ.

ಚಿಕ್ಕ ಸೊಂಟದ ಚೀಲದಲ್ಲಿ ಫೋನು, ಸ್ವಲ್ಪ ಚಿಲ್ಲರೆ, ಟೇಪು, ಉಪ್ಪಿನ ಮಿಠಾಯಿ, ತಂಡದ ಮುಖ್ಯಸ್ಥರ ನಂಬರು ಬರೆದ ಚೀಟಿ ಇರಲಿ. ಕುಣಿಯುವಾಗ ಚೀಲ ಕಾಣಬಾರದು ಎಂದರೆ ಸಹಾಯಕರಿಗೆ ಕೊಡಿ. ಮಳೆ ಬಂದರೂ ಕುಣಿತ ನಡೆಯುತ್ತದೆ. ಚಂಡಮಾರುತದ ಕಾಲ ಇದು, ತಂಡದ ಗುಂಪಿನಲ್ಲಿ ಬರುವ ಸಂದೇಶಗಳನ್ನು ಬೆಳಿಗ್ಗೆಯಿಂದಲೇ ನೋಡುತ್ತಿರಿ.

ಮುಖ ನಗುತ್ತಿರಲಿ. ಇದು ಬರೀ ಅಲಂಕಾರದ ಮಾತಲ್ಲ. ಕುಣಿತದ ನಡುವೆ ಚೆನ್ನಾಗಿ ಕುಣಿಯುತ್ತಿರುವ, ಮುಖದಲ್ಲಿ ಖುಷಿ ಇರುವ ಒಬ್ಬೊಬ್ಬರನ್ನು ಗುರುತಿಸಿ ಕೊರಳಿಗೆ ಪದಕ ಹಾಕುವ ಪದ್ಧತಿ ಕೋಚಿಯಲ್ಲಿದೆ. ಇದು ತಂಡಕ್ಕೆ ಕೊಡುವ ಬಹುಮಾನಕ್ಕಿಂತ ಬೇರೆ, ಅವರವರಿಗೆ ಸಿಗುವಂಥದ್ದು. ಕೊನೆಯ ಸಾಲಿನಲ್ಲಿ ಕುಣಿಯುವವರಿಗೂ ಸಿಗುತ್ತದೆ. ಯಾರಾದರೂ ಪದಕ ಹಿಡಿದು ಹತ್ತಿರ ಬಂದರೆ ಗಾಬರಿಯಾಗಿ ನಿಲ್ಲಬೇಡಿ, ತಲೆ ಸ್ವಲ್ಪ ಬಗ್ಗಿಸಿ ಹಾಕಿಸಿಕೊಂಡು ಕುಣಿಯುತ್ತಲೇ ಮುಂದೆ ಹೋಗಿ.

ಕೆಲವು ಕಡೆ ಕೊನೆಗೆ ಸೋ-ಒದೊರಿ ಇರುತ್ತದೆ. ತಂಡದ ಭೇದವಿಲ್ಲದೆ ಎಲ್ಲರೂ ಒಟ್ಟಿಗೆ ಕುಣಿಯುವುದು. ದಣಿವಾಗಿದೆ ಎಂದು ತಪ್ಪಿಸಿಕೊಳ್ಳಬೇಡಿ. ಸೆಯ್ಚೋ ಶೈಲಿಯ ಹೆಜ್ಜೆಯನ್ನು ಮೊದಲೇ ಕಲಿತಿಟ್ಟುಕೊಂಡಿದ್ದರೆ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ.

ಹಂತ 10: ಮುಗಿದ ಮೇಲೆ

ಬಟ್ಟೆ ವಾಪಸ್ ಕೊಡಬೇಕಿದ್ದರೆ ಒಗೆಯಬೇಕಾ, ಹಾಗೇ ಕೊಡಬೇಕಾ ಎಂದು ಕೇಳಿ. ಕೆಲವು ಬಟ್ಟೆಗಳ ಬಣ್ಣ ಬಿಡುತ್ತದೆ, ಮನೆಯ ಮೆಷಿನ್ನಿಗೆ ಹಾಕಿದರೆ ಹಾಳು. ನಿಮಗೇ ಉಳಿಯುವ ಬಟ್ಟೆಯಾದರೂ ತಂಡವನ್ನು ಕೇಳದೆ ಅದನ್ನು ಹಾಕಿಕೊಂಡು ಬೇರೆ ಕಡೆ ಕಾರ್ಯಕ್ರಮ ಕೊಡಬೇಡಿ. ನರುಕೊ ಬೆವರು, ಮಳೆಗೆ ನೆನೆದಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಮರ ಬಿರಿಯುತ್ತದೆ.

ಹಬ್ಬದ ನಂತರ ಉಚಿಆಗೆ ಎಂಬ ಕೂಟ ಇರುತ್ತದೆ. ಕುಡಿಯದವರೂ ಹೋಗಿ, ಹಣ್ಣಿನ ರಸ ಹಿಡಿದು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಅಭ್ಯಾಸದಲ್ಲಿ ಮಾತಾಡಲು ಪುರುಸೊತ್ತಿಲ್ಲದವರೆಲ್ಲ ಅಲ್ಲಿ ಮಾತಿಗೆ ಸಿಗುತ್ತಾರೆ.

ಊರಿಗೆ ಮರಳಿ ಅಲ್ಲೇ ಒಂದು ತಂಡ ಕಟ್ಟಬೇಕು ಎಂಬ ಆಸೆ ಇದ್ದರೆ ಈ ಕೂಟದಲ್ಲೇ ತಂಡದ ಮುಖ್ಯಸ್ಥರ ಹತ್ತಿರ ಹೇಳಿ. ಅವರ ಹಾಡು, ಹೆಜ್ಜೆ ಬಳಸಲು ಒಪ್ಪಿಗೆ ಅವರಿಂದಲೇ ಬರಬೇಕು. ವಿದೇಶಗಳಲ್ಲಿ ಯೊಸಾಕೊಯ್ ಹರಡುವ ತಂಡಗಳಿಗೆ ಕೋಚಿ ಪ್ರಾಂತ್ಯದ ಸರ್ಕಾರ ಯೊಸಾಕೊಯ್ ರಾಯಭಾರಿ ಎಂಬ ಮಾನ್ಯತೆಯನ್ನೂ ಕೊಡುತ್ತದೆ, ಅದಕ್ಕೆ ಏನು ಬೇಕು ಎಂದೂ ಅವರ ಹತ್ತಿರವೇ ಕೇಳಿ ತಿಳಿದುಕೊಳ್ಳಬಹುದು. ಮುಂದಿನ ವರ್ಷವೂ ಅದೇ ತಂಡದಲ್ಲಿ ಕುಣಿಯುವ ಮನಸ್ಸಿದ್ದರೆ ಲೈನ್ ಗುಂಪಿನಿಂದ ಹೊರಬರಬೇಡಿ, ಹೊಸ ವರ್ಷದ ಕರೆ ಹಳಬರಿಗೆ ಅಲ್ಲೇ ಮೊದಲು ಬರುತ್ತದೆ.